ಮೂರನೆಯ ಮುದ್ದೆ

ಹದಿನೇಳು ತುಂಬುವ ಹೊತ್ತಿಗೆ ನಾನು ನಾಲ್ಕು ಮನೆಗಳಿಗೆ ಹೋಗಿ ನಾಲ್ಕರಿಂದಲೂ ವಾಪಸು ಬಂದಿದ್ದೆ. ಅಂಗಡಿಗೆ ಹಿಂದಿರುಗಿಸಿದ ಕುಕ್ಕರಿಗಾದರೂ ಸೀಟಿ ಕೆಟ್ಟಿದೆಯೋ ಹಿಡಿ ಮುರಿದಿದೆಯೋ ಬರೆದು ಕಳಿಸುತ್ತಾರೆ. ನನ್ನ ಜೊತೆಯಲ್ಲಿ ಬಂದ ಚೀಟಿಗಳಲ್ಲಿ ನಾಲ್ಕು ಸಲವೂ ಇದ್ದದ್ದು ಒಂದೇ ಮಾತು: ಮುದ್ದೆ ಹೆಚ್ಚಲಿಲ್ಲ.

ನಮ್ಮ ಊರಿನಲ್ಲಿ ಒಂದು ಮನೆಯ ಒಲೆಯ ಮೇಲೆ ಎಷ್ಟೇ ರಾಗಿ ಹಿಟ್ಟು ಸುರಿದು ತಿರುವಿದರೂ ಆ ಮನೆಗೆ ಸೇರಿದವರು ಎಷ್ಟು ಜನವೋ ಅಷ್ಟೇ ಮುದ್ದೆ ಆಗುತ್ತವೆ. ಹಿಟ್ಟು ಹೆಚ್ಚಾದರೆ ಮುದ್ದೆ ದಪ್ಪಗಾಗುತ್ತವೆ, ಕಡಿಮೆಯಾದರೆ ನಿಂಬೆಹಣ್ಣಿನಷ್ಟಾಗುತ್ತವೆ, ಎಣಿಕೆ ಮಾತ್ರ ತಪ್ಪುವುದಿಲ್ಲ. ಒಂದನ್ನು ಮುರಿದು ಎರಡು ಮಾಡಲು ಹೋದವರ ಕೈಯಲ್ಲಿ ಅದು ಹುಡಿಯಾಗಿ ಉದುರುತ್ತದೆ. ನೆಂಟರು ಬಂದರೆ ಅನ್ನ ಮಾಡುತ್ತಾರೆ. ಹೊಸ ಸೊಸೆ ಬಂದ ಮನೆಯಲ್ಲಿ ಅತ್ತೆ ದಿನಾ ಪಾತ್ರೆಗೆ ಇಣುಕುತ್ತಾಳೆ, ಸೊಸೆ ಎಣಿಕೆಗೆ ಬಿದ್ದ ದಿನ ಬೀದಿಗೆಲ್ಲ ಬೆಲ್ಲ ಹಂಚುತ್ತಾಳೆ. ಮೂರು ವರ್ಷವಾದರೂ ಬೆಲ್ಲ ಹಂಚದ ಮನೆಗಳೂ ಇವೆ. ಆ ಮನೆಗಳ ಮುಂದೆ ಹೋಗುವಾಗ ಜನ ನಡಿಗೆ ನಿಧಾನ ಮಾಡಿ ಒಳಗೆ ಕಣ್ಣು ಹಾಯಿಸುತ್ತಾರೆ. ಇಂಥದ್ದರಲ್ಲಿ ನಮ್ಮ ಊರಿನವರಷ್ಟು ನಿಪುಣರು ಬೇರೆಲ್ಲೂ ಇರಲಾರರು.

ನಾನು ಬೆಳೆದದ್ದು ಬಾಲಕಿಯರ ಆಶ್ರಯ ನಿಲಯದಲ್ಲಿ. ಅಲ್ಲಿ ಮುದ್ದೆ ಆಗುವುದೇ ಇಲ್ಲ. ಮೂವತ್ತೆರಡು ಹುಡುಗಿಯರಿಗೆ ಅಡುಗೆಯ ಕೆಂಪಮ್ಮ ತೋಳು ಬೀಳುವ ತನಕ ತಿರುವಿದರೂ ಹಿಟ್ಟು ಕೂಡಿಕೊಳ್ಳದೆ ಗಂಜಿಯಾಗೇ ಉಳಿಯುತ್ತದೆ. ಅದನ್ನೇ ಲೋಟಗಳಲ್ಲಿ ಕುಡಿದು ನಾವು ದೊಡ್ಡವರಾದೆವು. ಒಂದೇ ಥಾನಿನ ಬಟ್ಟೆಯಲ್ಲಿ ಹೊಲಿಸಿದ ಮೂವತ್ತೆರಡು ಲಂಗ ಹಾಕಿಕೊಂಡು, ಭಾನುವಾರ ಸಾಲಾಗಿ ಕೂತು ಒಬ್ಬಳ ತಲೆಯ ಹೇನು ಇನ್ನೊಬ್ಬಳು ಬಾಚಿ, ಯಾರ ಟ್ರಂಕಿನಲ್ಲಿ ಯಾರ ಬಟ್ಟೆ ಎಂದು ಜಗಳವಾಡಿ ಬೆಳೆದೆವು. ವಾರ್ಡನ್ ಕಾತ್ಯಾಯಿನಿ ಮೇಡಂ ಹನ್ನೆರಡೂವರೆಗೆ ಸರಿಯಾಗಿ ಕೊಡೆ ಹಿಡಿದು ತಮ್ಮ ಮನೆಗೆ ಮುದ್ದೆ ಉಣ್ಣಲು ಹೋಗುತ್ತಿದ್ದರು. ವಾಪಸು ಬಂದು, ನೀವೆಲ್ಲ ನನ್ನ ಮಕ್ಕಳೇ ಕಣ್ರೇ ಎನ್ನುತ್ತಿದ್ದರು. ಅವರ ಮನೆಯಲ್ಲಿ ನಾಲ್ಕು ಜನ, ನಾಲ್ಕು ಮುದ್ದೆ. ನಮ್ಮಲ್ಲಿ ಒಬ್ಬಳು ಅವರ ಕೆಲಸದವಳನ್ನು ಕೇಳಿ ತಿಳಿದುಕೊಂಡಿದ್ದಳು.

ದಾನಿಗಳ ಕಾಟ ಬೇರೆ. ಮೊಮ್ಮಗನ ಹುಟ್ಟುಹಬ್ಬ ಬಂದರೆ ಸಾಕು, ಕೇಕಿನ ಡಬ್ಬಿ ಹಿಡಿದು ಇಡೀ ಸಂಸಾರ ಬಂದಿಳಿಯುತ್ತಿತ್ತು. ನಾವು ಚಪ್ಪಾಳೆ ತಟ್ಟಿ ಹಾಡಬೇಕು. ಆಮೇಲೆ ಮುದ್ದಾಗಿರುವ ಪುಟ್ಟ ಹುಡುಗಿಯನ್ನು ಮುಂದೆ ಕರೆದು, ಬಾಯಿಗೆ ಕೇಕು ಇಟ್ಟು, ಫೋಟೋ ಸರಿಯಾಗಿ ಬರಲಿಲ್ಲವೆಂದು ಮತ್ತೊಮ್ಮೆ ಇಡುತ್ತಾರೆ. ಹದಿಮೂರು ದಾಟಿದ ಮೇಲೆ ನಮ್ಮನ್ನು ಹಿಂದಿನ ಸಾಲಿಗೆ ತಳ್ಳಿದರು. ಮೊಡವೆ ಎದ್ದ ಮುಖಕ್ಕೆ ಕೇಕು ತಿನ್ನಿಸಿದರೆ ಪುಣ್ಯ ಅಷ್ಟಾಗಿ ಬರುವುದಿಲ್ಲವೇನೋ.

ನಿಯಮ ಹೀಗೆ. ಯಾರಾದರೂ ಮನೆಯವರು ನಮ್ಮನ್ನು ಆರು ತಿಂಗಳಿಗೆ ಕರೆದುಕೊಂಡು ಹೋಗಬಹುದು. ಆರು ತಿಂಗಳ ಕೊನೆಯಲ್ಲಿ ಪುರಸಭೆಯ ಎಣಿಕೆ ಸಾಹೇಬರು ಆ ಮನೆಗೆ ಬಂದು ಮುದ್ದೆ ಎಣಿಸುತ್ತಾರೆ. ಹುಡುಗಿಯೂ ಸೇರಿ ಎಷ್ಟು ಜನವೋ ಅಷ್ಟಿದ್ದರೆ ಅವಳು ಆ ಮನೆಯವಳು, ಕೈಗೆ ಕಾಗದ ಸಿಗುತ್ತದೆ. ಒಂದು ಕಡಿಮೆಯಿದ್ದರೆ ಟ್ರಂಕು ಎತ್ತಿಕೊಂಡು ವಾಪಸು. ಹದಿನೆಂಟು ತುಂಬುವ ತನಕ ಯಾವ ಮನೆಯ ಎಣಿಕೆಗೂ ಬೀಳದವಳನ್ನು ಸೇತುವೆಯಾಚೆಗೆ ಹೋಗುವ ಬಸ್ಸಿಗೆ ಹತ್ತಿಸುತ್ತಾರೆ. ಸೇತುವೆಯಾಚೆ ಜನ ಹಿಟ್ಟು ಎಷ್ಟಿದೆಯೋ ಅಷ್ಟು ಮುದ್ದೆ ಕಟ್ಟಿಕೊಂಡು ಯಾರೆಂದರೆ ಅವರ ಜೊತೆ ಕೂತು ಉಣ್ಣುತ್ತಾರಂತೆ. ಕೇಳಲು ಚೆನ್ನಾಗಿಯೇ ಇತ್ತು. ಆದರೆ ನನ್ನ ಪಕ್ಕದ ಚಾಪೆಯ ಯಶೋದೆ, ತಲುಪಿದ ದಿನವೇ ಕಾಗದ ಬರೀತೀನಿ ಅಂತ ನನ್ನ ತಲೆ ಮುಟ್ಟಿ ಹೇಳಿ ಬಸ್ಸು ಹತ್ತಿದವಳು, ಒಂದು ಸಾಲೂ ಬರೆಯಲಿಲ್ಲ. ಅವಳಿಗಿಂತ ಮುಂಚೆ ಹೋದ ಆರು ಜನರೂ ಬರೆದಿರಲಿಲ್ಲ. ನನಗೆ ಆ ಬಸ್ಸಿನ ಭಯವಿತ್ತು. ಜೊತೆಯವರ ಮುಂದೆ ಮಾತ್ರ, ಯಾವಾಗ ಹದಿನೆಂಟಾದೀತೋ ಎಂದು ಕಾಯ್ತಿದೀನಿ ಎನ್ನುತ್ತಿದ್ದೆ.

ಮನೆಗಳಿಗೆ ಹೋಗುವ ಹುಡುಗಿಯರಿಗೆ ಮೇಡಂ ಒಂದು ಪಾಠ ಮಾಡುತ್ತಿದ್ದರು. ಮೊದಲ ದಿನವೇ ಅವ್ವ ಎಂದು ಕರೆಯಿರಿ, ಕೇಳದೆ ಪಾತ್ರೆ ತೊಳೆಯಿರಿ, ನಗುಮುಖ ಇರಲಿ. ಹುಡುಗಿಯರದ್ದೇ ಬೇರೆ ಪಾಠವಿತ್ತು. ಹಿಟ್ಟಿನ ಡಬ್ಬದ ಕೆಳಗೆ ನಿನ್ನ ಒಂದು ಕೂದಲೆಳೆ ಇಟ್ಟುಬಿಡು, ಒಲೆಯ ಬೂದಿಯನ್ನು ನಾಲಿಗೆಗೆ ಹಚ್ಚಿಕೋ. ನಾನು ಎರಡೂ ಪಾಠಗಳನ್ನು ಶ್ರದ್ಧೆಯಿಂದ ಪಾಲಿಸಿದೆ. ಮೊದಲ ಮನೆ ಜವಳಿ ಅಂಗಡಿಯವರದು, ಆಗ ನನಗೆ ಒಂಬತ್ತು. ಆ ಯಜಮಾನಿ ದಿನಾ ಮಧ್ಯಾಹ್ನ ಪಾತ್ರೆಯ ತಳ ಕೆರೆದು, ನಮ್ಮಲ್ಲಿ ಏನು ಕಮ್ಮಿಯಾಯಿತೆಂದು ನೀನು ಸೇರುತ್ತಿಲ್ಲ ಎಂದು ಕಣ್ಣಲ್ಲಿ ನೀರು ಹಾಕುತ್ತಿದ್ದರು. ನಾನು ಸೇರಲಿಕ್ಕೆ ಏನು ಮಾಡಬೇಕೆಂದು ತಿಳಿಯದೆ ಮನೆಯವರೆಲ್ಲರ ಚಪ್ಪಲಿ ಸೋಪು ಹಾಕಿ ತೊಳೆದಿಟ್ಟೆ. ಅದರಲ್ಲಿ ಮದುವೆಗೆಂದು ತಂದ ಮಖಮಲ್ಲಿನ ಜೋಡೊಂದು ಹಾಳಾಯಿತು. ಎರಡನೆಯ ಮನೆಯಲ್ಲಿ ನನ್ನ ಕೂದಲೆಳೆ ಹಿಟ್ಟಿನ ಡಬ್ಬದ ಕೆಳಗೆ ಸಿಕ್ಕಿ, ಮಾಟ ಮಾಡಿದ್ದಾಳೆಂದು ಪೂಜಾರಿಯನ್ನು ಕರೆಸಿದರು. ಮೂರನೆಯದು ಗಂಡ, ಹೆಂಡತಿ, ಒಬ್ಬ ಮಗ ಇದ್ದ ಮನೆ. ಆರು ತಿಂಗಳ ಕೊನೆಗೆ ನಾವು ನಾಲ್ಕು ಜನ ಕೂತಿದ್ದೆವು, ಮುದ್ದೆ ಮೂರಿದ್ದವು. ಆ ಗಂಡ ವಾರದಲ್ಲಿ ನಾಲ್ಕು ದಿನ ಹಿಂದಿನ ಬೀದಿಯ ಟೈಲರ್ ಹೆಂಗಸಿನ ಮನೆಯಲ್ಲಿ ಉಣ್ಣುತ್ತಿದ್ದದ್ದು ಇಡೀ ಬೀದಿಗೆ ಗೊತ್ತಿತ್ತು. ಎಣಿಕೆಗೆ ಸೇರದೆ ಹೋದವಳು ನಾನೋ ಅವನೋ ಎಂದು ಒಬ್ಬರೂ ಕೇಳಲಿಲ್ಲ. ಗಂಡನನ್ನು ನಿಲಯಕ್ಕೆ ಕಳಿಸಲು ಆಗುವುದಿಲ್ಲವಲ್ಲ, ನನ್ನನ್ನು ಕಳಿಸಿದರು. ನಾಲ್ಕನೆಯ ಮನೆಯ ವಿಷಯ ಹೇಳುವುದಿಲ್ಲ. ಅಲ್ಲಿಂದ ನಾನೇ ಓಡಿ ಬಂದೆ, ಚೀಟಿ ಹಿಂದೆಯೇ ಬಂತು.

ಹದಿನೆಂಟಕ್ಕೆ ಆರೂವರೆ ತಿಂಗಳಿರುವಾಗ ಐದನೆಯ ಮನೆ ಬಂತು. ನಿವೃತ್ತ ಗುಮಾಸ್ತ ಚಿಕ್ಕವೀರಯ್ಯನವರು, ಅವರ ಹೆಂಡತಿ ಸರ್ವಮಂಗಳಮ್ಮ. ಕಡ್ಡಿಯಂಥ ಗಂಡ, ಕಬ್ಬಿಣದಂಥ ಹೆಂಡತಿ. ಇಷ್ಟು ದೊಡ್ಡ ಹುಡುಗಿಯನ್ನು ಯಾರೂ ಕೇಳುವುದಿಲ್ಲ, ಅದೃಷ್ಟ ಕಣೇ ದೇವೀರಿ ಎಂದು ಮೇಡಂ ನನ್ನ ಗಲ್ಲ ಹಿಂಡಿದರು. ನಾನು ಟ್ರಂಕು ಎತ್ತಿಕೊಂಡು ಹೊರಟೆ. ಈ ಸಲ ಕೂದಲನ್ನೂ ಇಡಬಾರದು, ಬೂದಿಯನ್ನೂ ನೆಕ್ಕಬಾರದು, ಅವ್ವ ಎಂದು ಸಾಯುವ ತನಕ ಕರೆಯಬಾರದು ಎಂದು ದಾರಿಯಲ್ಲೇ ತೀರ್ಮಾನ ಮಾಡಿದ್ದೆ. ಕರೆದರೆ ಅಮ್ಮಾವ್ರೇ, ಅಷ್ಟೆ.

ಮೊದಲ ದಿನ ಮಧ್ಯಾಹ್ನ ಸರ್ವಮಂಗಳಮ್ಮ ಪಾತ್ರೆಯನ್ನು ಕೆಳಗಿಳಿಸಿ, ಎರಡು ಕಾಲಲ್ಲಿ ಅದುಮಿ ಹಿಡಿದು, ಕೋಲಿನಿಂದ ತಿರುವಿ, ಮಣೆಯ ಮೇಲೆ ಒಂದು ಮುದ್ದೆ ಕಟ್ಟಿದರು. ಎರಡನೆಯದು ಕಟ್ಟಿದರು. ಪಾತ್ರೆಯಲ್ಲಿ ಇನ್ನೂ ಹಿಟ್ಟಿತ್ತು. ಮೂರನೆಯದನ್ನು ಕಟ್ಟಿ ಮಣೆಯ ಮೇಲಿಟ್ಟರು. ಬಂದು ಎರಡು ಗಂಟೆಯಾಗಿರಲಿಲ್ಲ, ಟ್ರಂಕಿನ ಬೀಗ ತೆಗೆದಿರಲಿಲ್ಲ. ಮಾಡಿಕೊಂಡ ತೀರ್ಮಾನವೆಲ್ಲ ಮರೆತು ನಾನು ಮೂರ್ಖಳ ಹಾಗೆ ಹಲ್ಲು ಬಿಟ್ಟೆ. ಅವರು ನನ್ನ ಮುಖ ನೋಡಿದರು.

“ಹಿಗ್ಗಬ್ಯಾಡ. ಅದು ನಿಂದಲ್ಲ, ನನ್ನ ಮಗಳ್ದು. ನಿನ್ನ ಕರ್ಕೊಂಡು ಬಂದಿರೋದು ಅದನ್ನ ಉಣ್ಣಕ್ಕೆ.”

ವಿಷಯ ಇಷ್ಟು. ಅವರ ಒಬ್ಬಳೇ ಮಗಳು ವನಜಾಕ್ಷಿ ಹನ್ನೊಂದು ವರ್ಷದ ಹಿಂದೆ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿಯೋನೆಟ್ ಊದುವ ಸಿದ್ದರಾಜು ಎಂಬವನ ಜೊತೆ ಸೇತುವೆ ದಾಟಿ ಹೋಗಿದ್ದಳು. ಚಿಕ್ಕವೀರಯ್ಯನವರು ನಾಲ್ಕು ಜನರನ್ನು ಕರೆದು, ಬಾವಿಕಟ್ಟೆಯ ಮೇಲೆ ತಲೆಗೆ ನೀರು ಹುಯ್ದುಕೊಂಡು, ನನಗೆ ಮಗಳೇ ಇಲ್ಲ ಎಂದು ಸಾರಿದ್ದರು. ಅಂಥ ಗಾಂಭೀರ್ಯದಿಂದ ಸಾರಿದರಂತೆ, ನೋಡಿದವರು ಕಣ್ಣೊರೆಸಿಕೊಂಡರಂತೆ. ಒಳಗೆ ಹೋಗಿ ಒದ್ದೆ ಬಟ್ಟೆ ಬದಲಿಸಿ ಊಟಕ್ಕೆ ಕೂತರೆ ಮಣೆಯ ಮೇಲೆ ಮೂರು ಮುದ್ದೆ. ಮಾರನೆಯ ದಿನ ಮೂರು. ವರ್ಷ ಕಳೆದರೂ ಮೂರು. ಪುರಸಭೆಯವರು ಪ್ರತಿ ವರ್ಷ ಮನೆಮನೆ ಎಣಿಸಿ ಪಟ್ಟಿಯನ್ನು ಹಲಗೆಗೆ ಅಂಟಿಸುತ್ತಾರೆ. ಹನ್ನೊಂದು ವರ್ಷವೂ ಆ ಹಲಗೆಯ ಮೇಲೆ ಅದೇ ಸಾಲು: ಹದಿನಾಲ್ಕನೇ ನಂಬರಿನ ಮನೆ, ಜನ ಇಬ್ಬರು, ಮುದ್ದೆ ಮೂರು. ಚಿಕ್ಕವೀರಯ್ಯನವರು ಕ್ಷೌರಕ್ಕೆ ಕೂತರೆ, ಮಗಳು ಕ್ಷೇಮವೇ ಸ್ವಾಮಿ ಎಂದು ಪಕ್ಕದವನು ಕೇಳುತ್ತಿದ್ದ. ನಡೆಯುವ ದಾರಿ ಬದಲಿಸಿದರು, ಕ್ಷೌರವನ್ನು ಮನೆಯಲ್ಲೇ ಮಾಡಿಕೊಳ್ಳತೊಡಗಿದರು. ಕೊನೆಗೆ ಹೊಳೆದ ಉಪಾಯ ನಾನು. ಜನ ಮೂವರಾದರೆ ಮುದ್ದೆ ಮೂರಾದದ್ದಕ್ಕೆ ಯಾರು ಏನನ್ನುತ್ತಾರೆ?

ನನಗೆ ಕೋಪ ಬರಲಿಲ್ಲ. ನಿಜ ಹೇಳಬೇಕೆಂದರೆ ಆ ಹೆಂಗಸಿನ ಮೇಲೆ ಗೌರವವೇ ಬಂತು. ಪ್ರೀತಿ ಪ್ರೀತಿ ಎಂದು ಬಾಯಿ ತುಂಬ ಹೇಳಿ ಆರು ತಿಂಗಳಿಗೆ ಟ್ರಂಕು ಹೊರಿಸಿದವರ ಮುಂದೆ, ನೀನು ಬರೀ ಮುಚ್ಚಳ ಅಂತ ಮುಖಕ್ಕೆ ಹೇಳಿದವರು ಇವರೊಬ್ಬರೇ. ಲಾಭ ಇಬ್ಬರಿಗೂ ಇತ್ತು. ಅವರ ಮರ್ಯಾದೆಯ ತೂತು ಮುಚ್ಚುತ್ತದೆ, ನನ್ನ ಹುಟ್ಟಿದ ದಿನಕ್ಕೆ ಹನ್ನೆರಡು ದಿನ ಮುಂಚೆ ನನಗೆ ಕಾಗದ ಸಿಗುತ್ತದೆ. ಹುಟ್ಟಿದ ದಿನ ಎಂದರೆ ನಿಲಯದ ಜಗುಲಿಯ ಮೇಲೆ ನಾನು ಸಿಕ್ಕಿದ ದಿನ, ಇರಲಿ.

ಆಮೇಲಿನ ಐದು ತಿಂಗಳು ನಾವು ಕಿತ್ತಾಡಿಕೊಂಡೇ ಕಳೆದೆವು. ಸರ್ವಮಂಗಳಮ್ಮನಿಗೆ ನಾನು ಕೂತರೂ ತಪ್ಪು, ನಿಂತರೂ ತಪ್ಪು. ಬಟ್ಟೆ ಹಿಂಡಿದ್ದು ಸಾಲದು, ಸಾರಿಗೆ ಹುಳಿ ಹೆಚ್ಚು, ಬಾಗಿಲು ದಡಾರನೆ ಹಾಕುತ್ತೇನೆ, ಹೆಜ್ಜೆ ಕುದುರೆಯಂತೆ ಹಾಕುತ್ತೇನೆ. ಒಂದಕ್ಕೆ ಎರಡು ಮಾತು ನಾನೂ ಕೊಡುತ್ತಿದ್ದೆ. ನನ್ನನ್ನು ಇಟ್ಟುಕೊಳ್ಳಲಿ ಎಂಬ ಆಸೆಯಿಂದ ಬಂದಿದ್ದರೆ ತಾನೇ ಬಾಯಿ ಮುಚ್ಚಿಕೊಂಡಿರುವುದು. ಹಿಟ್ಟು ಗಂಟಾಗದಂತೆ ತಿರುವುವುದನ್ನು ಬೈದು ಬೈದು ಕಲಿಸಿದರು. ಗಂಜಿ ಕುಡಿದು ಬೆಳೆದ ನನಗೆ ಹಸಿ ವಾಸನೆ ಯಾವುದು, ಬೆಂದ ವಾಸನೆ ಯಾವುದು ಗೊತ್ತಿರಲಿಲ್ಲ. ಮಂಗಳವಾರ ಬಂತೆಂದರೆ ಬಚ್ಚಲಿಗೆ ಎಳೆದುಕೊಂಡು ಹೋಗಿ, ನಿಲಯದ ಹೇನು ಇನ್ನೂ ಬಿಟ್ಟಿಲ್ಲ ಎಂದು ಎಣ್ಣೆ ತಿಕ್ಕಿ ಸೀಗೆಪುಡಿ ಹಾಕಿ ಉಜ್ಜುತ್ತಿದ್ದರು. ಹೇನು ಹೋಗಿ ಎಷ್ಟೋ ದಿನವಾದರೂ ಉಜ್ಜುವುದು ನಿಲ್ಲಲಿಲ್ಲ. ಚಿಕ್ಕವೀರಯ್ಯನವರು ಜಗುಲಿಯ ಮೇಲೆ ಕೂತು ಹಳೆಯ ಪೇಪರು ಓದುತ್ತ, ಬೀದಿಯಲ್ಲಿ ಯಾರಾದರೂ ಹಾದುಹೋದರೆ, ನಮ್ಮ ಹುಡುಗಿ ಹೊಂದಿಕೊಂಡಳು ಎಂದು ಕೇಳದವರಿಗೂ ಹೇಳುತ್ತಿದ್ದರು.

ಮಧ್ಯಾಹ್ನದ ಊಟಕ್ಕೆ ಮಾತ್ರ ಒಂದು ಶಾಸ್ತ್ರವಿತ್ತು. ಮೂರನೆಯ ಮುದ್ದೆಯನ್ನು ನನ್ನ ತಟ್ಟೆಗೆ ಹಾಕುವ ಮೊದಲು ಸರ್ವಮಂಗಳಮ್ಮ ಅದನ್ನು ಒಂದು ಗಳಿಗೆ ಅಂಗೈಯಲ್ಲಿ ಹಿಡಿದಿರುತ್ತಿದ್ದರು. ಸುಡುತ್ತಿದ್ದರೂ ಹಿಡಿದಿರುತ್ತಿದ್ದರು. ಆಮೇಲೆ, ಯಾರದ್ದು ಅಂತ ಮರೀಬ್ಯಾಡ ಎಂದು ಹೇಳಿ ಹಾಕುತ್ತಿದ್ದರು. ಹೂಂ ಎಂದು ನಾನು ಗುಳುಕ್ಕನೆ ನುಂಗುತ್ತಿದ್ದೆ. ಮಗಳು ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ಅವರಿಗೆ ಒಂದು ಅಕ್ಷರ ಗೊತ್ತಿರಲಿಲ್ಲ. ಆ ಮುದ್ದೆಯೇ ಅವರಿಗೆ ಬರುತ್ತಿದ್ದ ಕಾಗದ.

ಎಣಿಕೆಗೆ ಮೂರು ದಿನವಿರುವಾಗ, ಸೋಮವಾರ ಮಧ್ಯಾಹ್ನ, ಸರ್ವಮಂಗಳಮ್ಮ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದರು. ಚಿಕ್ಕವೀರಯ್ಯನವರು ಲೈಬ್ರರಿಯಲ್ಲಿದ್ದರು. ಗೇಟಿನ ಹತ್ತಿರ ಒಬ್ಬ ಗಂಡಸು ಕೈಚೀಲ ಹಿಡಿದು ಆಚೆ ಈಚೆ ನೋಡುತ್ತ ನಿಂತಿದ್ದ. ಮಾಸಿದ ಕೆಂಪು ಕೋಟು, ಭುಜದ ಮೇಲೆ ಜರಿಪಟ್ಟಿ, ಮದುವೆ ಮೆರವಣಿಗೆಯಲ್ಲಿ ಊದುವವರು ಹಾಕುವಂಥದ್ದು. ನೋಡಿದ ಕೂಡಲೇ ಯಾರೆಂದು ತಿಳಿಯಿತು. ಅಯ್ಯಾವ್ರು ಇದಾರಾ ಎಂದು ಕೇಳಿ, ಇಲ್ಲವೆಂದಾಗ ಅವನಿಗೆ ಸಮಾಧಾನವಾಯಿತು. ವರ್ಷಗಳ ಹಿಂದೆ ಎರಡು ಸಲ ಬಂದಿದ್ದನಂತೆ, ಎರಡು ಸಲವೂ ಚಿಕ್ಕವೀರಯ್ಯನವರು ಚಪ್ಪಲಿ ಎಸೆದು ಓಡಿಸಿದ್ದರಂತೆ. ನೀನು ಯಾರವ್ವ ಎಂದ. ನಾನು ಈ ಮನೆಯವಳು ಎಂದೆ. ಮೂರು ದಿನಕ್ಕೆ ಮುಂಚಿತವಾಗಿ ಒಂದು ಸುಳ್ಳು ಹೇಳಿದರೆ ಏನಾಯಿತು ಎಂದುಕೊಂಡು ಹೇಳಿದೆ.

“ಹಂಗಾದ್ರೆ ನೀನೇ ಹೇಳ್ಬುಡು ತಾಯಿ, ನಂಗೆ ಬಾಯಿ ಬರಾಕಿಲ್ಲ. ವನಜ ಹೋಗ್ಬುಟ್ಲು. ಕಾಮಾಲೆ ಆಗಿತ್ತು. ಇವತ್ತಿಗೆ ನಲ್ವತ್ತೊಂದು ದಿನ, ಮಂಗಳವಾರ ಬೆಳಿಗ್ಗೆ. ಆಸ್ಪತ್ರೆಗೆ ತಲುಪ್ಸಕ್ಕೂ ಆಗ್ಲಿಲ್ಲ.”

ಕೈಚೀಲವನ್ನು ನನ್ನ ಕೈಗೆ ಕೊಟ್ಟ. ಒಂದು ಸೀರೆ, ಒಂದು ಜೊತೆ ಬಳೆ, ಮಡಿಸಿಟ್ಟ ಒಂದು ಫೋಟೋ ಇದ್ದವು. ನಾಲ್ಕು ಗಂಟೆಯ ಬಸ್ಸಿದೆ, ರಾತ್ರಿ ಒಂದು ಮದುವೆಗೆ ಊದಬೇಕು ಎಂದು ಹೇಳಿ ಹೊರಟ. ನಲವತ್ತೊಂದು ದಿನಕ್ಕೇ ಮದುವೆಗೆ ಊದಲು ಹೊರಟಿದ್ದಾನೆ ನೋಡು ಎಂದು ಬೈದುಕೊಂಡೆ. ಅವನ ಕೋಟಿನ ಮೊಣಕೈಯಲ್ಲಿ ತೇಪೆಯ ಮೇಲೆ ತೇಪೆ ಹಾಕಿತ್ತು, ಬಹುಶಃ ಅವಳೇ ಹಾಕಿದ್ದು. ನಾನು ಬೈಯುವುದನ್ನು ನಿಲ್ಲಿಸಿದೆ.

ಒಳಗೆ ಬಂದು ಗೋಡೆಗೊರಗಿ ಕೂತೆ. ಆಗಲೇ ನನಗೆ ಹೊಳೆದದ್ದು. ನಲವತ್ತೊಂದು ದಿನದಿಂದ ವನಜಾಕ್ಷಿ ಇಲ್ಲ. ನಲವತ್ತೊಂದು ದಿನವೂ ಮಣೆಯ ಮೇಲೆ ಮೂರು ಮುದ್ದೆ ಇದ್ದವು. ಒಂದು ದಿನ ಕೂಡ ಎರಡಾಗಲಿಲ್ಲ. ನನ್ನ ಕೈಯಿಂದಲೇ ತಿರುವಿದ್ದೇನೆ, ನನ್ನ ಬಾಯಿಂದಲೇ ಉಂಡಿದ್ದೇನೆ. ಸತ್ತವರಿಗೆ ಈ ಊರಿನ ಪಾತ್ರೆ ಒಂದು ಅಗುಳಷ್ಟೂ ಕೊಡುವುದಿಲ್ಲ. ಹಾಗಾದರೆ ಮೂರನೆಯದು ಯಾರದ್ದು?

ಮೊದಲು ಆದದ್ದು ಸಂತೋಷ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಒಬ್ಬಳು ಸತ್ತ ಸುದ್ದಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಾನು ನಕ್ಕೆ. ಬಾಯಿ ಮುಚ್ಚಿಕೊಂಡರೂ ನಗು ಬಂತು, ಆಮೇಲೆ ಅಳು ಬಂತು, ಎರಡೂ ಬೆರೆತು ಮೂಗಿನಲ್ಲಿ ಇಳಿದವು. ಆ ಮಂಗಳವಾರ ಏನಾಗಿತ್ತೆಂದು ಲೆಕ್ಕ ಹಾಕಿದೆ. ಅಂಥ ವಿಶೇಷವೇನೂ ಆಗಿರಲಿಲ್ಲ. ಬಚ್ಚಲಿನಲ್ಲಿ ಸೀಗೆಪುಡಿ ಕಣ್ಣಿಗೆ ಬಿದ್ದು ನಾನು ಒಂದು ಕೆಟ್ಟ ಬೈಗುಳ ಬೈದಿದ್ದೆ. ಸರ್ವಮಂಗಳಮ್ಮ ತಂಬಿಗೆಯಿಂದ ತಲೆಗೊಂದು ಕುಟ್ಟಿ, ಆಮೇಲೆ ಸೆರಗಿನ ಚುಂಗಿಗೆ ಬಾಯಿಂದ ಬಿಸಿ ಊದಿ ಕಣ್ಣಿಗೆ ಒತ್ತಿದ್ದರು. ಇಬ್ಬರೂ ಮುಖ ಊದಿಸಿಕೊಂಡೇ ಊಟಕ್ಕೆ ಕೂತಿದ್ದೆವು. ಅದೇ ನಾನು ಒಂದು ಮನೆಗೆ ಸೇರಿದ ದಿನ. ಬೆಲ್ಲ ಹಂಚುವ ದಿನ.

ಅದಕ್ಕಿಂತ ಮೊದಲೇ ಏಕೆ ನಾಲ್ಕಾಗಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಒಬ್ಬಳು ಜಾಗ ಬಿಡುವ ತನಕ ಇನ್ನೊಬ್ಬಳನ್ನು ಹೊರಗೆ ನಿಲ್ಲಿಸುವ ಗುಣ ಪಾತ್ರೆಗೂ ಬಂದಿರಬೇಕು. ಅದೂ ಈ ಊರಿನದೇ ತಾನೇ.

ಚೀಲವನ್ನು ಟ್ರಂಕಿನ ತಳದಲ್ಲಿಟ್ಟು ಬೀಗ ಹಾಕಿದೆ. ಹೇಳಬೇಕೆಂದೇ ಇದ್ದೆ. ಹೇಳದೆ ಇದ್ದರೆ ನಾನು ಸೇರಿದ್ದು ನನ್ನೊಬ್ಬಳಿಗೇ ಗೊತ್ತು, ಅದು ಗೊತ್ತಿಲ್ಲದಿದ್ದ ಹಾಗೇ. ನನ್ನದಾದ ಮುದ್ದೆಯನ್ನು ನನ್ನದು ಎನ್ನಬೇಕಾದರೆ ಅವರ ಮಗಳನ್ನು ನಾನು ನನ್ನ ಬಾಯಿಂದ ಸಾಯಿಸಬೇಕು. ಎಣಿಕೆಗೆ ಮುಂಚೆ ಹೇಳಿದರೆ ಗೋಳಾಟದಲ್ಲಿ ಒಲೆ ಹಚ್ಚುತ್ತಾರೋ ಇಲ್ಲವೋ. ಸೂತಕದ ಮನೆಗೆ ಎಣಿಕೆ ಸಾಹೇಬರು ಬರುವುದಿಲ್ಲ, ಹನ್ನೆರಡು ದಿನ ಹಾಗೇ ಹೋದರೆ ನನ್ನನ್ನು ಬಸ್ಸು ಹತ್ತಿಸುತ್ತಾರೆ. ಕಾಗದ ಕೈಗೆ ಬರಲಿ, ಆ ಗಳಿಗೆಯೇ ಹೇಳುತ್ತೇನೆ ಎಂದು ನಿರ್ಧರಿಸಿದೆ. ಹೇಗೆ ಹೇಳಬೇಕೆಂದು ಮಾತುಗಳನ್ನು ಜೋಡಿಸಿಟ್ಟುಕೊಂಡೆ. ಹೆಂಗಸು ಕುಸಿದು ಬೀಳುತ್ತಾಳೆ, ನಾನು ಹಿಡಿದುಕೊಳ್ಳುತ್ತೇನೆ, ಆಮೇಲೆ ಮಣೆಯ ಮೇಲೆ ನೋಡುತ್ತಾಳೆ, ಆಮೇಲೆ ನನ್ನನ್ನು ನೋಡುತ್ತಾಳೆ. ಇಷ್ಟು ದಿನ ದಾನಿಗಳ ಫೋಟೋಗಳನ್ನು ನೋಡಿ ನಕ್ಕವಳು ನಾನು, ಅದಕ್ಕಿಂತ ಚೆನ್ನಾದ ಫೋಟೋವನ್ನು ಮನಸ್ಸಿನಲ್ಲಿ ತೆಗೆದಿಟ್ಟುಕೊಂಡಿದ್ದೆ.

ಗುರುವಾರ ಎಣಿಕೆ ಸಾಹೇಬರಾದ ಶಿವನಂಜಯ್ಯ ಬಂದರು. ಹೊಟ್ಟೆ ಮೊದಲು ಬಂತು, ಆಮೇಲೆ ಅವರು. ಕಾತ್ಯಾಯಿನಿ ಮೇಡಂ ಹೊಸ ಸೀರೆ ಉಟ್ಟು ಜೊತೆಯಲ್ಲಿದ್ದರು. ಬೀದಿಯವರು ಸಕ್ಕರೆ ಕೇಳುವ ನೆಪ, ಪೇಪರು ಕೇಳುವ ನೆಪ ಮಾಡಿ ಬಂದು ಜಗುಲಿಯಲ್ಲಿ ಕತ್ತು ಉದ್ದ ಮಾಡಿ ನಿಂತರು. ಸರ್ವಮಂಗಳಮ್ಮ ತಿರುವಿದರು. ಒಂದು, ಎರಡು, ಮೂರು. ಪಾತ್ರೆಯ ತಳ ಹೊಳೆಯಿತು. ಶಿವನಂಜಯ್ಯ ಕನ್ನಡಕ ಏರಿಸಿ ಕಡುಬು ನೋಡುವವರ ಹಾಗೆ ಬಗ್ಗಿ ನೋಡಿ, ಶಾಸ್ತ್ರ ಆಗಲಿ ಎಂದರು. ಮನೆಯ ಯಜಮಾನಿ ಎಡಗೈಯನ್ನು ಹಿಟ್ಟಿನಲ್ಲಿಟ್ಟು, ಬಲಗೈಯಿಂದ ಒಂದೊಂದನ್ನೂ ಮುಟ್ಟಿ ಯಾರದ್ದೆಂದು ಹೇಳಬೇಕು. ಹಿಟ್ಟಿನಲ್ಲಿ ಕೈಯಿಟ್ಟು ಸುಳ್ಳಾಡಿದರೆ ಆ ಮನೆಯ ರಾಗಿಗೆ ಹುಳು ಬೀಳುತ್ತದೆಂದು ಊರು ನಂಬುತ್ತದೆ. ಸರ್ವಮಂಗಳಮ್ಮ ಕೂಡ ನಂಬುತ್ತಿದ್ದರು. ಹಿಂದಿನ ದಿನವೇ ಮನೆದೇವರಿಗೆ ತಪ್ಪು ಕಾಣಿಕೆ ಕಟ್ಟಿಟ್ಟದ್ದನ್ನು ನಾನು ನೋಡಿದ್ದೆ.

ಮೊದಲನೆಯದನ್ನು ಮುಟ್ಟಿ ಯಜಮಾನರದು ಎಂದರು. ಎರಡನೆಯದನ್ನು ಮುಟ್ಟಿ ನಂದು ಎಂದರು. ಮೂರನೆಯದರ ಮೇಲೆ ಕೈಯಿಟ್ಟರು. ನನ್ನ ಕಡೆ ನೋಡಲಿಲ್ಲ.

“ಇದು ನಮ್ಮ ದೇವೀರೀದು.”

ಹಿಟ್ಟಿನಲ್ಲಿ ಕೈಯಿಟ್ಟು ಹಸಿ ಸುಳ್ಳು ಹೇಳುತ್ತಿದ್ದೇನೆಂದು ಆಕೆ ತಿಳಿದಿದ್ದರು. ಚಿಕ್ಕವೀರಯ್ಯನವರೂ ಹಾಗೆಯೇ ತಿಳಿದು ಮೇಲಿನ ತೊಲೆ ನೋಡುತ್ತಿದ್ದರು. ಆ ಮನೆಯೊಳಗೆ ಅಷ್ಟು ಜನರಿದ್ದರೂ ಅದು ನಿಜವೆಂದು ಗೊತ್ತಿದ್ದವಳು ನಾನೊಬ್ಬಳೇ. ಶಿವನಂಜಯ್ಯ ಕಾಗದಕ್ಕೆ ಮೊಹರು ಒತ್ತಿದರು, ಮೇಡಂ ಕಣ್ಣೊರೆಸಿಕೊಂಡರು, ಜಗುಲಿಯವರು ಇದು ಹೇಗಾಯಿತೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕವೀರಯ್ಯನವರು ಊಟಕ್ಕೂ ಕೂರದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಲಗೆಯ ಮೇಲೆ ಇವತ್ತೇ ತಿದ್ದುತ್ತಾರೋ ನೋಡಿಬರುತ್ತೇನೆಂದು ಸಾಹೇಬರ ಹಿಂದೆಯೇ ಹೊರಟುಬಿಟ್ಟರು. ಹನ್ನೊಂದು ವರ್ಷದ ಮೇಲೆ ಅವತ್ತು ನೆಟ್ಟಗಿನ ದಾರಿಯಲ್ಲಿ ನಡೆದರು.

ಎಲ್ಲರೂ ಹೋದ ಮೇಲೆ ಸರ್ವಮಂಗಳಮ್ಮ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದರು. ಒಂದು ಸಲ, ಎರಡು ಸಲ, ಒಂದು ತಂಬಿಗೆ ನೀರು ಮುಗಿಯುವ ತನಕ. ಬಂದು ಮಣೆಯ ಮುಂದೆ ಕೂತು ಮೂರನೆಯ ಮುದ್ದೆಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಕಾಗದ ನನ್ನ ರವಿಕೆಯೊಳಗಿತ್ತು. ಇನ್ನು ಯಾರೂ ನನ್ನನ್ನು ಬಸ್ಸಿಗೆ ಹತ್ತಿಸುವಂತಿರಲಿಲ್ಲ. ಜೋಡಿಸಿಟ್ಟ ಮಾತುಗಳು ನಾಲಿಗೆಯ ತುದಿಯಲ್ಲಿದ್ದವು. ಅಮ್ಮಾವ್ರೇ ಎಂದೆ.

ಅವರು ಕೇಳಿಸಿಕೊಳ್ಳಲಿಲ್ಲ. ಮುದ್ದೆಯನ್ನೇ ನೋಡುತ್ತಿದ್ದರು. ಆ ಕಬ್ಬಿಣದ ಮುಖದಲ್ಲಿ ನಾನು ಆರು ತಿಂಗಳಲ್ಲಿ ಒಮ್ಮೆಯೂ ಕಾಣದ ಒಂದು ನಗುವಿತ್ತು.

“ಸುಳ್ಳು ಹೇಳ್ದೆ ಕಣೇ. ಹುಳ ಬಿದ್ರೆ ಬೀಳ್ಲಿ. ಇದೊಂದು ದಿನಾ ಬರ್ತಾ ಇದ್ರೆ, ಅವ್ಳು ಎಲ್ಲೋ ಉಂಡ್ಕೊಂಡು ಚೆಂದಾಗವ್ಳೆ ಅಂತ ನಂಗೆ ನಿದ್ದೆ ಬತ್ತದೆ. ನಿಂಗೆ ಗೊತ್ತಾಗಕಿಲ್ಲ ಬುಡು.”

ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿ, ಮೇಲೆ ಸಾರು ಬಿಟ್ಟು, ಎಂದಿನಂತೆ ಹೇಳಿದರು, ಯಾರದ್ದು ಅಂತ ಮರೀಬ್ಯಾಡ.

ನನಗೆ ಎಂಥ ಕೋಪ ಬಂತೆಂದರೆ ತಟ್ಟೆಯನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಊರಿನ ಮೇಲೆ, ಪಾತ್ರೆಯ ಮೇಲೆ, ಸತ್ತು ನನಗೆ ಜಾಗ ಬಿಟ್ಟ ಆ ವನಜಾಕ್ಷಿಯ ಮೇಲೆ, ಎದುರಿಗೆ ಕೂತು ನಗುತ್ತಿದ್ದ ಈ ಮುದುಕಿಯ ಮೇಲೆ. ಎಲ್ಲರನ್ನೂ ಅಣಕಿಸಿಕೊಂಡೇ ಬೆಳೆದ ನನ್ನ ಬಾಯಿಗೆ ಆಗ ಒಂದು ಕುಹಕವೂ ಸಿಗಲಿಲ್ಲ. ಮುದ್ದೆ ಮುರಿದೆ, ಸಾರಿನಲ್ಲಿ ಹೊರಳಿಸಿದೆ.

“ಇಲ್ಲ ಕಣವ್ವ, ಮರೆಯಲ್ಲ” ಎಂದೆ.

ಹದಿನೆಂಟು ವರ್ಷ ಕಾದು ಪಡೆದ ನನ್ನ ಮುದ್ದೆಯನ್ನು ಇನ್ನೊಬ್ಬಳ ಹೆಸರಿನಲ್ಲಿ ಉಂಡೆ. ಈಗಲೂ ದಿನಾ ಮಧ್ಯಾಹ್ನ ಹಾಗೆಯೇ ಉಣ್ಣುತ್ತಿದ್ದೇನೆ.